ಇಲ್ಲದ ಷೇರು ಮಾರಿದ ದಿನ

ಕೊಳ್ಳುವುದು ಪ್ರೋಗ್ರಾಮಿನ ಕೆಲಸ, ಮಾರುವುದು ಗೆಳೆಯನ ಕೆಲಸ. ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ನಾವಿಬ್ಬರೂ ಕೋಣೆ ಹಿಡಿದಾಗ ಮಾಡಿಕೊಂಡ ಒಪ್ಪಂದ ಇದೊಂದೇ. ಕಾಗದದ ಮೇಲೆ ಏನನ್ನೂ ಬರೆದಿರಲಿಲ್ಲ. ಬಂಡವಾಳ ಅರ್ಧರ್ಧ, ಲಾಭ ಅರ್ಧರ್ಧ. ಖಾತೆ ನನ್ನ ಹೆಸರಿನಲ್ಲಿತ್ತು.

ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ನಾನು ಬ್ರೋಕರಿನ ಖಾತೆಗೆ ಲಾಗಿನ್ ಆಗುತ್ತಿದ್ದೆ. ಫೋನಿಗೆ ಬರುವ ಆರಂಕಿಯ ಸಂಖ್ಯೆ ಹಾಕಿದರೆ ಆ ದಿನದ ಮಟ್ಟಿಗೆ ಪ್ರೋಗ್ರಾಮಿಗೆ ಬಾಗಿಲು ತೆರೆದಂತೆ. ಪ್ರೋಗ್ರಾಮ್ ಇದ್ದದ್ದು ನಮ್ಮ ಕೋಣೆಯಲ್ಲಲ್ಲ. ನಮ್ಮ ಕಡೆಯ ಕರೆಂಟನ್ನು ನಂಬುವಂತಿಲ್ಲವೆಂದು, ಎಲ್ಲೋ ದೂರದ ಊರಿನ ಬಾಡಿಗೆ ಕಂಪ್ಯೂಟರಿನಲ್ಲಿ ಅದನ್ನು ಇಟ್ಟಿದ್ದೆ. ಕೋಣೆಯ ಲ್ಯಾಪ್‌ಟಾಪ್ ಅದನ್ನು ನೋಡುವ ಕಿಟಕಿ ಮಾತ್ರ. ಇಲ್ಲಿ ದೀಪ ಆರಿದರೂ ಅದು ಅಲ್ಲಿ ಓಡುತ್ತಲೇ ಇರುತ್ತಿತ್ತು.

ಒಂಬತ್ತೂ ಕಾಲಿಗೆ ಮಾರುಕಟ್ಟೆ ತೆರೆದ ಮೇಲೆ ಮೊದಲ ಅರ್ಧ ಗಂಟೆ ಪ್ರೋಗ್ರಾಮ್ ಸುಮ್ಮನೆ ನೋಡುತ್ತಿತ್ತು. ನಾವು ಆರಿಸಿಕೊಟ್ಟ ಹನ್ನೆರಡು ಷೇರುಗಳು ಆ ಅರ್ಧ ಗಂಟೆಯಲ್ಲಿ ಮುಟ್ಟಿದ ಗರಿಷ್ಠ ಬೆಲೆಯನ್ನು ಗುರುತು ಹಾಕಿಕೊಳ್ಳುತ್ತಿತ್ತು. ಆಮೇಲೆ ಯಾವ ಷೇರು ಆ ಗೆರೆಯನ್ನು ಮೊದಲು ದಾಟುತ್ತದೋ, ಅದರ ವಹಿವಾಟೂ ಜೋರಾಗಿದ್ದರೆ, ಅದನ್ನು ಕೊಳ್ಳುತ್ತಿತ್ತು. ದಿನಕ್ಕೆ ಒಂದೇ ಷೇರು. ಕೊಂಡ ಕೂಡಲೇ ಕೆಳಗೆ ಒಂದು ಸ್ಟಾಪ್ ಹಾಕುತ್ತಿತ್ತು. ಸ್ಟಾಪ್ ಎಂದರೆ, ಬೆಲೆ ಇಷ್ಟಕ್ಕಿಂತ ಕೆಳಗಿಳಿದರೆ ಯಾರನ್ನೂ ಕೇಳದೆ ಮಾರಿಬಿಡು ಎಂದು ಮೊದಲೇ ಕೊಟ್ಟಿಡುವ ಆದೇಶ. ಬೆಲೆ ಏರಿದಂತೆ ಸ್ಟಾಪನ್ನೂ ಹಿಂದಿನಿಂದ ಮೇಲಕ್ಕೆ ಎಳೆದುಕೊಳ್ಳುತ್ತಿತ್ತು. ಅದರ ಕೆಲಸ ಅಲ್ಲಿಗೆ ಮುಗಿಯಿತು. ಯಾವಾಗ ಮಾರಿ ಹೊರಬರಬೇಕೆಂಬುದು ಗೆಳೆಯನಿಗೆ ಬಿಟ್ಟದ್ದು.

ಅದನ್ನೂ ಪ್ರೋಗ್ರಾಮಿಗೆ ಒಪ್ಪಿಸಲು ನಾನು ಪ್ರಯತ್ನಿಸದೆ ಇರಲಿಲ್ಲ. ಹಳೆಯ ಬೆಲೆಗಳ ಮೇಲೆ ಹತ್ತಾರು ಸೂತ್ರಗಳನ್ನು ಓಡಿಸಿ ನೋಡಿದ್ದೆ. ಒಂದು ಬೇಗ ಹೊರಬರುತ್ತಿತ್ತು, ಇನ್ನೊಂದು ತಡವಾಗಿ. ಕೊನೆಗೆ ದುಡ್ಡು ಹಾಕದೆ ಎರಡು ತಿಂಗಳು, ಸೂತ್ರ ಒಂದು ಕಡೆ ಗೆಳೆಯ ಒಂದು ಕಡೆ, ಇಬ್ಬರ ನಿರ್ಗಮನವನ್ನೂ ಪಕ್ಕಪಕ್ಕದಲ್ಲಿ ಬರೆದಿಟ್ಟೆ. ಗೆಳೆಯನೇ ಗೆದ್ದ. ಅವನು ಕೂಡ್ಲಿಗಿಯಲ್ಲಿ ಪಂಪ್‌ಸೆಟ್ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವ ವೈಂಡಿಂಗ್ ಅಂಗಡಿ ಇಟ್ಟಿದ್ದವನು. ಹೊಸಹಳ್ಳಿ ಕಡೆಯ ಕುರಿ ಸಾಕುವ ಮನೆತನ. ಅಣ್ಣಂದಿರು ಈಗಲೂ ಹಿಂಡಿನ ಹಿಂದೆ ಇದ್ದಾರೆ. ಐಟಿಐ ಓದುವಾಗ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಆಗಿನಿಂದಲೂ ನೋಡಿದ್ದೇನೆ, ಓಡುತ್ತಿರುವ ಮೋಟರಿನ ಮೇಲೆ ಕೈಯಿಟ್ಟು ಇನ್ನೆಷ್ಟು ಹೊತ್ತಿಗೆ ಸುಡುತ್ತದೆ ಎಂದು ಹೇಳುತ್ತಿದ್ದ. ಏರುತ್ತಿರುವ ಷೇರು ಎಲ್ಲಿ ದಣಿಯುತ್ತದೆ ಎಂಬುದನ್ನೂ ಅವನು ಹಾಗೆಯೇ ಹಿಡಿಯುತ್ತಿದ್ದ. ಅಂಗಡಿಯನ್ನು ಯಂತ್ರಗಳ ಸಮೇತ ಇನ್ನೊಬ್ಬರಿಗೆ ಕೊಟ್ಟು, ಬಂದದ್ದನ್ನು ತಂದು ನನ್ನ ಪಾಲಿನ ಪಕ್ಕದಲ್ಲಿ ಹಾಕಿದ. ದಿನಾ ಬೆಳಿಗ್ಗೆ ಕೂಡ್ಲಿಗಿಯಿಂದ ಬಸ್ಸಿಗೆ ಬರುತ್ತಿದ್ದ.

ಮೊದಲ ನಾಲ್ಕು ತಿಂಗಳು ಚೆನ್ನಾಗಿಯೇ ನಡೆಯಿತು. ಐದನೆಯ ತಿಂಗಳಿನಲ್ಲಿ ಒಂದು ಸಂಜೆ ದಿನದ ದಾಖಲೆ ತೆಗೆದು ನೋಡುವಾಗ ಒಂದು ಸಾಲು ಕಣ್ಣಿಗೆ ಬಿತ್ತು. ಬೆಳಿಗ್ಗೆ ಪ್ರೋಗ್ರಾಮ್ ಹಾಕಿದ್ದ ಸ್ಟಾಪ್ ರದ್ದಾಗಿತ್ತು. ರದ್ದು ಮಾಡಿದ್ದು ಮೊಬೈಲಿನಿಂದ. ಬ್ರೋಕರಿನ ಆ್ಯಪ್ ಗೆಳೆಯನ ಫೋನಿನಲ್ಲೂ ಇತ್ತು.

"ಇದೇನ್ಲೇ? ಸ್ಟಾಪ್ ತಗದಿದ್ದಿ?" ಎಂದೆ.

"ಸ್ವಲ್ಪ ಕೆಳಗ ಇಳದು ಮತ್ತ ಮ್ಯಾಲೆ ಬರೂದಿತ್ತು. ಬಂತಿಲ್ಲೋ?"

"ಇವತ್ತು ಬಂತು."

"ಬಂತಲಾ ಮತ್ತ. ಸುಮ್ನಿರು."

ಹದಿನೈದು ದಿನ ಬಿಟ್ಟು ಮತ್ತೆ ತೆಗೆದ. ಅವತ್ತೂ ಬೆಲೆ ತಿರುಗಿ ಮೇಲೆ ಬಂತು. ಮೂರನೆಯ ಸಲ ಬರಲಿಲ್ಲ. ಅದೊಂದು ಸಿಮೆಂಟ್ ಕಂಪನಿಯ ಷೇರು. ಹನ್ನೊಂದು ಗಂಟೆಗೆ ಸಣ್ಣ ಪೆಟ್ಟಿನಲ್ಲಿ ಮುಗಿಯಬೇಕಾಗಿದ್ದದ್ದನ್ನು ಅವನು ಮೂರು ಗಂಟೆಯವರೆಗೆ ಹಿಡಿದುಕೊಂಡು ಕೂತ. ಪರದೆಯಿಂದ ಕಣ್ಣು ತೆಗೆಯಲಿಲ್ಲ, ಊಟಕ್ಕೆ ಏಳಲಿಲ್ಲ. "ಮಾರಿಬಿಡೋ" ಎಂದು ನಾನು ಹೇಳಿದಾಗಲೆಲ್ಲ ಕೈ ಎತ್ತಿ ಸುಮ್ಮನಿರಿಸುತ್ತಿದ್ದ. ಕೊನೆಗೆ, ದಿನದ ವಹಿವಾಟನ್ನು ಬ್ರೋಕರಿನವರೇ ಮುಚ್ಚುವ ಹೊತ್ತಿಗೆ, ಎರಡು ತಿಂಗಳ ಗಳಿಕೆ ಹೋಗಿತ್ತು.

ನಾನು ಕೂಗಾಡಿದೆ. ಅವನು ಕೆಳಗೆ ಹೋಗಿ ಮುಖ ತೊಳೆದುಕೊಂಡು ಬಂದು ಬಾಗಿಲಲ್ಲೇ ನಿಂತ.

"ಮೈಲಾರಲಿಂಗನ ಆಣಿ, ಇನ್ನ ಸ್ಟಾಪಿಗೆ ಕೈ ಹಚ್ಚಂಗಿಲ್ಲ," ಎಂದ. "ಅದು ಕೆಟ್ಟ ಚಟ ಅನ್ನೂದು ನನಗೂ ಗೊತ್ತಾತು. ಒಂದ ಸಲ ನಂಬು."

"ಆತು" ಎಂದೆ. ಆದರೆ ನಂಬಲಿಲ್ಲ.

ಆ ಶನಿವಾರ ಮತ್ತು ಭಾನುವಾರ ಮಾರುಕಟ್ಟೆ ಇರಲಿಲ್ಲ. ಮನೆಯಲ್ಲಿ ಕೂತು ಪ್ರೋಗ್ರಾಮಿಗೆ ನಲವತ್ತು ಸಾಲು ಹೊಸದಾಗಿ ಸೇರಿಸಿದೆ. ಆ ಭಾಗಕ್ಕೆ ಕಾವಲು ಎಂದೇ ಹೆಸರಿಟ್ಟೆ. ಇಪ್ಪತ್ತು ಸೆಕೆಂಡಿಗೊಮ್ಮೆ ಅದು ಸ್ಟಾಪ್ ಇದೆಯೇ ಎಂದು ನೋಡಬೇಕು. ಯಾರಾದರೂ ತೆಗೆದಿದ್ದರೆ ಅದೇ ಬೆಲೆಗೆ ತಿರುಗಿ ಹಾಕಬೇಕು. ಇಷ್ಟೇ. ಸೋಮವಾರ ಬೆಳಿಗ್ಗೆ ಅದನ್ನು ಚಾಲೂ ಮಾಡಿದೆ. ಗೆಳೆಯನಿಗೆ ಹೇಳಲಿಲ್ಲ. ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾನೆ ಎಂಬುದು ನಾನು ನನಗೆ ಹೇಳಿಕೊಂಡ ಕಾರಣ. ಹೇಳಿದರೆ ಅದನ್ನು ದಾಟುವ ದಾರಿ ಹುಡುಕುತ್ತಾನೆ ಎಂಬುದು ಒಳಗಿದ್ದ ಕಾರಣ.

ಒಂದು ತಪ್ಪು ಅದರಲ್ಲಿತ್ತು. ಷೇರು ನಮ್ಮ ಕೈಯಲ್ಲಿ ಇನ್ನೂ ಇದೆಯೋ ಇಲ್ಲವೋ ಎಂಬುದನ್ನು ಕಾವಲು ಬ್ರೋಕರನ್ನು ಕೇಳುತ್ತಿರಲಿಲ್ಲ; ಪ್ರೋಗ್ರಾಮ್ ತಾನೇ ಬರೆದಿಟ್ಟುಕೊಂಡ ಟಿಪ್ಪಣಿಯನ್ನು ನೋಡುತ್ತಿತ್ತು. ಕೋಣೆಯ ಲ್ಯಾಪ್‌ಟಾಪಿನಲ್ಲಿ 'ಹೊರಗೆ' ಎಂಬ ಗುಂಡಿ ಒತ್ತಿ ಮಾರಿದರೆ ಆ ಟಿಪ್ಪಣಿ ಸರಿಯಾಗಿ ಅಳಿಸುತ್ತಿತ್ತು. ಫೋನಿನಿಂದ ಮಾರಿದರೆ ಅಳಿಸುತ್ತಿರಲಿಲ್ಲ. ಅಂಥ ಸಂದರ್ಭವನ್ನು ನಾನು ಪರೀಕ್ಷಿಸಿಯೇ ಇರಲಿಲ್ಲ. ಗೆಳೆಯ ಫೋನನ್ನು ಸ್ಟಾಪ್ ತೆಗೆಯಲು ಬಳಸುತ್ತಾನೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಮುಂದಿನ ಎಂಟು ದಿನ ಕಾವಲಿಗೆ ಕೆಲಸವೇ ಬೀಳಲಿಲ್ಲ. ದಿನಾ ಸಂಜೆ ಅದರ ದಾಖಲೆ ತೆಗೆದು ನೋಡುತ್ತಿದ್ದೆ. ಖಾಲಿ. ಅವನು ಆಣೆಯನ್ನು ಉಳಿಸಿಕೊಂಡಿದ್ದ. ಆ ಖಾಲಿ ಪುಟ ನೋಡಿ ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಕಾವಲು ಇರಲಿ, ಯಾವಾಗ ಬೇಕಾಗುತ್ತದೋ ಎಂದುಕೊಂಡೆ.

ಒಂಬತ್ತನೆಯ ದಿನ ಹರಪನಹಳ್ಳಿಯಲ್ಲಿ ನಮ್ಮ ಅತ್ತೆಯವರಿಗೆ ಕಣ್ಣಿನ ಪೊರೆಯ ಆಪರೇಷನ್ ಇತ್ತು. ಹೆಂಡತಿ ಹಿಂದಿನ ದಿನವೇ ಹೋಗಿದ್ದಳು. ನಾನು ಬೆಳಗಿನ ರೈಲಿಗೆ ಹೋದೆ. ಲಾಗಿನ್ ಕೆಲಸವನ್ನು ಆಸ್ಪತ್ರೆಯ ಪಡಸಾಲೆಯಲ್ಲೇ ಮುಗಿಸಿದೆ. ಹತ್ತು ಗಂಟೆಯ ಮೇಲೆ ಪ್ರೋಗ್ರಾಮ್ ಒಂದು ಔಷಧ ಕಂಪನಿಯ ಷೇರನ್ನು ನಾನೂರ ಒಂಬತ್ತರಂತೆ ಎರಡು ಸಾವಿರದ ನಾನೂರು ಕೊಂಡಿತು; ದುಡ್ಡಿನ ಹೆಚ್ಚಿನ ಪಾಲು ಎಂದಿನಂತೆ ಬ್ರೋಕರಿನ ಒಂದು ದಿನದ ಸಾಲ. ಗೆಳೆಯ ಫೋನ್ ಮಾಡಿದ.

"ನೋಡಿದೇನು? ಏರಾಕತ್ತೈತಿ. ನೀ ಅತ್ತಿಯವರನ್ನ ನೋಡ್ಕೋ, ಇಲ್ಲಿ ನಾ ಅದೀನಿ."

ನರ್ಸ್ ಬಂದು ಫೋನ್ ಸದ್ದು ಮಾಡಬಾರದು ಎಂದರು. ಸದ್ದು ಆರಿಸಿ ಜೇಬಿನಲ್ಲಿಟ್ಟೆ.

ಹನ್ನೆರಡೂ ಮುಕ್ಕಾಲು ದಾಟಿದ ಮೇಲೆ ಅತ್ತೆಯವರನ್ನು ಹೊರಗೆ ಕರೆತಂದರು. ಒಂದು ಕಣ್ಣಿಗೆ ಬಿಳಿ ಪಟ್ಟಿ. ಔಷಧಿ ಚೀಟಿ ಹಿಡಿದು ಹೊರಟಾಗ ಫೋನ್ ತೆಗೆದೆ. ಮೇಲ್ಗಡೆಯೇ ಒಂದು ಸಂದೇಶವಿತ್ತು: ಮಾರಾಟ ಪೂರ್ಣ, ನಾನೂರ ಹತ್ತು ರೂಪಾಯಿ ತೊಂಬತ್ತು ಪೈಸೆ. ಬೆಲೆ ಏರಿ ಇಳಿದು ಸ್ಟಾಪಿಗೆ ಬಡಿದಿದೆ, ಚೂರು ಲಾಭದಲ್ಲಿ ಮುಗಿದಿದೆ ಎಂದುಕೊಂಡೆ. ಕೆಳಗಿನ ಸಂದೇಶಗಳನ್ನು ಓದಲಿಲ್ಲ. ಓದಿದ್ದರೆ ಅದೇ ಷೇರು ಒಂದೂವರೆ ಗಂಟೆ ಮೊದಲೇ ಒಮ್ಮೆ ಮಾರಾಟವಾಗಿತ್ತು ಎಂಬುದು ಕಾಣುತ್ತಿತ್ತು. ಔಷಧಿ ತಂದುಕೊಟ್ಟು, ಊಟ ಮಾಡಿ, ಒಂದೂ ಮುಕ್ಕಾಲಿನ ಬಸ್ ಹತ್ತಿದೆ.

ಕೊಟ್ಟೂರು ನಿಲ್ದಾಣದಲ್ಲಿ ಬಸ್ ನಿಂತಾಗ ಸುಮ್ಮನೆ ಆ್ಯಪ್ ತೆರೆದೆ. ಆ ದಿನದ ಪಟ್ಟಿ ಸೊನ್ನೆ ತೋರಿಸಬೇಕಿತ್ತು. ಮೈನಸ್ ಎರಡು ಸಾವಿರದ ನಾನೂರು ಎಂದು ತೋರಿಸುತ್ತಿತ್ತು. ಎಂದರೆ ನಮ್ಮಲ್ಲಿ ಇಲ್ಲದ ಷೇರುಗಳನ್ನು ನಾವು ಮಾರಿದ್ದೆವು. ಸಂಜೆಯೊಳಗೆ ಅಷ್ಟನ್ನೂ ಕೊಂಡು ತುಂಬಿಕೊಡಬೇಕು. ಬೆಲೆ ಆಗ ನಾನೂರ ಇಪ್ಪತ್ತೆಂಟರಲ್ಲಿತ್ತು, ಏರುತ್ತಿತ್ತು. ಕಂಪನಿಯ ಯಾವುದೋ ಔಷಧಿಗೆ ಅನುಮತಿ ಸಿಕ್ಕಿದೆ ಎಂಬ ಸುದ್ದಿ ಆಗಷ್ಟೇ ಬಂದಿತ್ತಂತೆ.

ಸಿಕ್ಕ ಬೆಲೆಗೆ ಕೊಂಡುಬಿಡು ಎಂದು ಆದೇಶ ಒತ್ತಿದೆ. ಬಸ್ ಹೊರಟಿತು. ಊರು ದಾಟುತ್ತಿದ್ದಂತೆ ಸಿಗ್ನಲ್ ಹೋಯಿತು. ಪರದೆಯ ಮೇಲೆ ಸಣ್ಣ ಚಕ್ರ ಸುತ್ತುತ್ತಲೇ ಇತ್ತು. ನಿರ್ವಾಹಕರ ಹತ್ತಿರ ಹೋಗಿ "ಎರಡ ನಿಮಿಷ ನಿಲ್ಲಿಸ್ರಿ" ಎಂದು ಕೇಳಿದೆ. ಅವರು ನನ್ನ ಮುಖ ನೋಡಿ, "ಮೈಯಾಗ ಹುಷಾರಿಲ್ಲೇನ್ರಿ?" ಎಂದರು. ಹಿಂದಿರುಗಿ ಸೀಟಿನಲ್ಲಿ ಕೂತೆ. ಸಿಗ್ನಲ್ ತಿರುಗಿ ಬರುವ ಹೊತ್ತಿಗೆ ಬೆಲೆ ನಾನೂರ ನಲವತ್ತಕ್ಕೆ ಹೋಗಿ ನಿಂತುಬಿಟ್ಟಿತ್ತು. ಆ ಷೇರಿಗೆ ಒಂದು ದಿನದಲ್ಲಿ ಅದಕ್ಕಿಂತ ಮೇಲೇರಲು ಅವಕಾಶವಿಲ್ಲ. ಅಪ್ಪರ್ ಸರ್ಕ್ಯೂಟ್ ಎನ್ನುತ್ತಾರೆ. ಅಲ್ಲಿಗೆ ಮುಟ್ಟಿದ ಮೇಲೆ ಮಾರುವವರು ಯಾರೂ ಉಳಿಯುವುದಿಲ್ಲ. ಕೊಳ್ಳುವವರ ಸಾಲಿನಲ್ಲಿ ಲಕ್ಷಗಟ್ಟಲೆ ಷೇರುಗಳ ಹಿಂದೆ ನನ್ನ ಆದೇಶ 'ಬಾಕಿ' ಎಂದು ನಿಂತಿತ್ತು.

ಗೆಳೆಯನಿಗೆ ಫೋನ್ ಹಚ್ಚಿದೆ. ಅವನು ಕೂಡ್ಲಿಗಿಯ ಮನೆಯಲ್ಲಿದ್ದ.

"ಏನ್ ಮಾಡಿ ಹೋಗಿದಿಯೋ?" ಎಂದೆ. ಸುತ್ತಲಿನವರು ತಿರುಗಿ ನೋಡಿದರು.

"ಯಾಕ? ಹನ್ನೊಂದೂವರಿಗೆ ಮಾರೀನಲ್ಲ. ನಾಕ್‌ನೂರಾ ಹದಿನೇಳಕ್ಕ. ಕರೆಂಟ್ ಹೋಗಿ ಲ್ಯಾಪ್‌ಟಾಪಿಗೆ ನೆಟ್ ಇರಲಿಲ್ಲ, ಫೋನಿನಾಗ ಮಾರಿದೆ. ಸೊನ್ನಿ ಆತು, ಬಾಗ್ಲ ಹಾಕ್ಕೊಂಡು ಬಂದೆ."

"ಸೊನ್ನಿ ಎಲ್ಲಿ ಐತಿ? ಮೈನಸ್ ಐತಿ! ಎರಡು ಸಲ ಮಾರಿದಿ. ಮ್ಯಾಲೆ ಹೋಗಿ ಲಾಕ್ ಆಗೈತಿ. ಎಷ್ಟ ಸಲ ಹೇಳೀನೋ ನಿನಗ, ಆ ಫೋನಿಗೆ ಕೈ ಹಚ್ಚಬ್ಯಾಡ ಅಂತ?"

ಆ ಕಡೆ ಬಾಗಿಲು ತೆಗೆದ ಸದ್ದು ಕೇಳಿತು. ಆಮೇಲೆ, "ಬರ್ತೀನಿ" ಎಂದ.

ಮೂರೂ ಇಪ್ಪತ್ತಕ್ಕೆ ಬ್ರೋಕರಿನವರ ಕಂಪ್ಯೂಟರ್ ನಮ್ಮ ವಹಿವಾಟನ್ನು ಮುಚ್ಚಲು ತಾನೇ ಪ್ರಯತ್ನಿಸಿತು. ಅದಕ್ಕೂ ಷೇರು ಸಿಗಲಿಲ್ಲ. ಮೂರೂವರೆಗೆ ಮಾರುಕಟ್ಟೆ ಮುಚ್ಚಿತು. ನಾನು ಕೋಣೆಗೆ ಬಂದು ಬ್ರೋಕರಿನ ಕಚೇರಿಗೆ ಫೋನ್ ಮಾಡಿದೆ. ಬೆಂಗಳೂರಿನ ಹೆಣ್ಣುಮಗಳೊಬ್ಬಳು ಸಮಾಧಾನದಿಂದ ವಿವರಿಸಿದಳು.

"ಸರ್, ನೀವು ಷೇರು ಕೊಡಬೇಕಾಗಿತ್ತು, ಕೊಟ್ಟಿಲ್ಲ. ನಾಳೆ ಹರಾಜಿನಲ್ಲಿ ನಿಮ್ಮ ಪರವಾಗಿ ಕೊಳ್ಳುತ್ತಾರೆ. ಎಷ್ಟಕ್ಕೆ ಸಿಗುತ್ತೋ ಅಷ್ಟು ಮತ್ತು ದಂಡ ನಿಮ್ಮ ಖಾತೆಯಿಂದ ಹೋಗುತ್ತೆ."

"ನಾಳೆ ಬೆಳಿಗ್ಗೆ ನಾನೇ ಕೊಂಡು ಕೊಟ್ಟರೆ?"

"ಆಗಲ್ಲ ಸರ್. ನಾಳೆ ಕೊಂಡಿದ್ದು ನಿಮ್ಮ ಕೈಗೆ ಬರೋದು ನಾಡಿದ್ದು."

"ಇನ್ನೇನೂ ಮಾಡಾಕ ಬರಂಗಿಲ್ಲೇನ್ರಿ?"

"ಇಲ್ಲ ಸರ್. ಕಾಯಬೇಕು."

ನಾಲ್ಕೂವರೆಯ ಹೊತ್ತಿಗೆ ಗೆಳೆಯ ಬಂದ. ಅಂಗಿ ಬೆನ್ನಿಗೆ ಅಂಟಿತ್ತು. ಕೂರಲಿಲ್ಲ.

"ಎರಡು ಸಲ ಒತ್ತಿರಬೇಕ್ಲೇ ನಾನು," ಎಂದ. "ಕರೆಂಟ್ ಹೋತು, ನೆಟ್ ನಿಧಾನ ಇತ್ತು. ಮಾರು ಅಂತ ಒತ್ತಿದೆ, ಚಕ್ರ ಸುತ್ತಾಕತ್ತಿತ್ತು. ಆ ಗಡಿಬಿಡಿಯಾಗ ಮತ್ತೊಂದ ಸಲ ಒತ್ತಿಬಿಟ್ಟಿರಬೇಕು. ನನಗ ನೆಪ್ಪಿಲ್ಲ. ಆದ್ರ ನಾನ ಅಲ್ಲಿದ್ದವ, ಇನ್ಯಾರು ಒತ್ತತಾರ?"

ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡ.

"ಇದು ನನ್ನ ಪಾಲಿನಾಗ ಹಿಡಕೋ. ಎಷ್ಟಾದ್ರೂ ಆಗಲಿ, ನಿನ್ನ ರೊಕ್ಕ ಮುಟ್ಟಬ್ಯಾಡ."

ಅವನು ಹೋದ ಮೇಲೆ ದಾಖಲೆ ತೆರೆದೆ. ನಿಜ ಹೇಳಬೇಕೆಂದರೆ, ಎರಡು ಸಲ ಒತ್ತಿದ್ದಕ್ಕೆ ಗುರುತು ಹುಡುಕಲು ತೆರೆದೆ. ಹನ್ನೊಂದು ಇಪ್ಪತ್ತೆರಡು ನಿಮಿಷಕ್ಕೆ ಸ್ಟಾಪ್ ರದ್ದು, ಮೊಬೈಲಿನಿಂದ. ಅದಾಗಿ ಏಳು ಸೆಕೆಂಡಿಗೆ ಮಾರಾಟ, ಮೊಬೈಲಿನಿಂದ, ನಾನೂರ ಹದಿನೇಳಕ್ಕೆ. ಒಂದೇ ಸಲ. ಸ್ಟಾಪ್ ತೆಗೆದು ಆಮೇಲೆ ಮಾರಬೇಕು. ಫೋನಿನಿಂದ ಹೊರಬರುವ ಸರಿಯಾದ ಕ್ರಮ ಅದೇ. ಅದಾಗಿ ಹನ್ನೆರಡು ಸೆಕೆಂಡಿಗೆ ಇನ್ನೊಂದು ಸಾಲು: ಸ್ಟಾಪ್ ಮರಳಿ ಹಾಕಲಾಗಿದೆ, ನಾನೂರ ಹನ್ನೊಂದಕ್ಕೆ. ಹಾಕಿದವರು ಎಂಬ ಜಾಗದಲ್ಲಿ ಕಾವಲು.

ಕೈಯಲ್ಲಿ ಇಲ್ಲದ ಷೇರಿಗೆ ನನ್ನ ಕಾವಲು ಸ್ಟಾಪ್ ಹಾಕಿ ಕೂತಿತ್ತು. ಮಧ್ಯಾಹ್ನ ಬೆಲೆ ಇಳಿದು ಅಲ್ಲಿಗೆ ಮುಟ್ಟಿತು, ಮಾರಿತು. ಅವನ ಬೆರಳಿಗೂ ಇದಕ್ಕೂ ಏನೇನೂ ಸಂಬಂಧವಿರಲಿಲ್ಲ. ಅವತ್ತು ಅವನು ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿ, ಲಾಭ ಗಳಿಸಿ, ನಿಯಮದ ಪ್ರಕಾರ ದಿನದ ಒಂದೇ ವಹಿವಾಟು ಮುಗಿಸಿ ಮನೆಗೆ ಹೋಗಿದ್ದ.

ಆ ದಾಖಲೆ ನನ್ನನ್ನು ಬಿಟ್ಟರೆ ಯಾರಿಗೂ ಕಾಣುವಂಥದ್ದಲ್ಲ. ಅವನು ಅದನ್ನು ಎಂದೂ ತೆರೆದವನಲ್ಲ. ಕೂತಲ್ಲೇ ಕೂತಿದ್ದೆ. ಕೆಳಗಿನ ಅಂಗಡಿಯವರು ಶಟರ್ ಎಳೆಯುವ ಸದ್ದು ಕೇಳಿದ ಮೇಲೆ ಎದ್ದೆ.

ಮರುದಿನ ಬೆಳಿಗ್ಗೆ ಅವನು ನನಗಿಂತ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದ. ಷೇರು ತೆರೆಯುತ್ತಲೇ ಇನ್ನೊಮ್ಮೆ ಮೇಲಿನ ಮಿತಿ ಮುಟ್ಟಿ ನಿಂತಿತು, ನಾನೂರ ಎಂಬತ್ತನಾಲ್ಕಕ್ಕೆ. ಅವತ್ತು ಹೊಸ ವಹಿವಾಟು ಮಾಡಲಿಲ್ಲ. ಇಬ್ಬರೂ ಎದುರುಬದುರು ಕೂತಿದ್ದೆವು. ಅವನು ಆಗಾಗ ಫೋನ್ ತೆಗೆದು, ಬೇರೆ ಯಾವುದೋ ಷೇರಿನ ಮಾರಾಟದ ಗುಂಡಿಯ ಹತ್ತಿರ ಹೆಬ್ಬೆರಳು ಒಯ್ದು, ಒತ್ತದೆ ಹಿಂದಕ್ಕೆ ತೆಗೆಯುತ್ತಿದ್ದ. ತಾನು ಹೇಗೆ ಎರಡು ಸಲ ಒತ್ತಿರಬಹುದು ಎಂದು ನೋಡುತ್ತಿದ್ದ. ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಒಂದು ಸಲ ಚಹಾ ತರಲೇನು ಎಂದು ಕೇಳಿದೆ. ಇನ್ನೊಂದು ಸಲ ಫ್ಯಾನ್ ಜೋರು ಮಾಡಿದೆ.

ಹರಾಜಿನ ಬೆಲೆ ನಾವು ಹೆದರಿದ್ದಕ್ಕಿಂತ ಮೇಲೆ ಹೋಗಿತ್ತು. ಅದು ತಿಳಿದದ್ದು ಮರುದಿನ. ಆ ಹೊತ್ತಿಗೆ ನಮ್ಮಿಬ್ಬರ ಬಂಡವಾಳದಲ್ಲಿ ಉಳಿದದ್ದು ಅರ್ಧಕ್ಕಿಂತ ತುಸು ಕಡಿಮೆ. ಅವನು ಹೇಳಿದ ಲೆಕ್ಕ ಹಿಡಿದರೆ ಅಷ್ಟೂ ನನ್ನದು, ಅವನಿಗೆ ಏನೂ ಇಲ್ಲ. ಆ ದಿನ ಅವನು ಕೋಣೆಗೆ ಬರಲಿಲ್ಲ. ಮಧ್ಯಾಹ್ನ ಅವನ ಹೆಂಡತಿಯ ಫೋನ್ ಬಂತು. ಆಕೆ ಕೂಡ್ಲಿಗಿಯಲ್ಲಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ನನಗೆ ಎಂದೂ ಫೋನ್ ಮಾಡಿದವರಲ್ಲ.

"ಅಣ್ಣಾರ, ಏನಾಗೈತ್ರಿ ಅಲ್ಲಿ?" ಎಂದರು. "ಇವ್ರು ಏನೂ ಹೇಳವಲ್ರು. ಉಂಡಿಲ್ಲ. ಬೆರಳು ನೋಡ್ಕೊಂತ ಕುಂತಾರ. ಕೈಯಾಗ ಶಕ್ತಿ ಹೋಗೈತಿ, ದವಾಖಾನಿಗೆ ತೋರಿಸ್ಬೇಕು ಅಂತಾರ. ನಡುಗ್ತಾವೇನು ನೋಡು ಅಂತ ಬೆರಳು ಚಾಚಿ ನನಗ ತೋರಿಸ್ತಾರ್ರಿ. ಏನೂ ನಡುಗಂಗಿಲ್ಲ."

"ನಾ ಬರ್ತೀನಿ ತಂಗಿ" ಎಂದೆ.

ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ದಾಖಲೆಯ ಆ ಒಂದು ಪುಟ ಪ್ರಿಂಟ್ ತೆಗೆಸಿದೆ. ಬಾಯಲ್ಲಿ ಹೇಳಲು ಹೋದರೆ ಅರ್ಧಕ್ಕೆ ನಿಂತು ಬೇರೇನೋ ಹೇಳಿಬಿಡುತ್ತೇನೆ ಎಂಬ ಹೆದರಿಕೆ ನನಗಿತ್ತು. ಬಸ್ಸಿನಲ್ಲಿ ಕೂತಾಗಲೂ, ಕೂಡ್ಲಿಗಿಯಲ್ಲಿ ಇಳಿದು ಅವನ ಓಣಿಗೆ ತಿರುಗುವಾಗಲೂ, ಈಗಲೂ ಹಿಂತಿರುಗಬಹುದು ಎಂದು ಅನ್ನಿಸುತ್ತಲೇ ಇತ್ತು.

ಅವನು ಮುಂದಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಆಕೆಯ ಹೊಲಿಗೆ ಯಂತ್ರ ಕಿಟಕಿಯ ಹತ್ತಿರ. ನಾನು ಅವನ ಎದುರಿಗೆ ಕೂತು ಕಾಗದ ಕೊಟ್ಟೆ.

"ಏನಿದು?"

"ಅವತ್ತಿಂದು. ಓದು. ನೀ ಒಂದ ಸಲ ಮಾರಿದಿ. ಇಲ್ಲಿ ನೋಡು. ಎರಡನೇದ್ದು ನಿನ್ನ ಫೋನಿಂದ ಹೋಗಿಲ್ಲ."

ಅವನು ಬೆರಳಿಟ್ಟು ಒಂದೊಂದೇ ಸಾಲು ಓದಿದ. ವೇಳೆಗಳನ್ನು ಮೆಲ್ಲಗೆ ಬಾಯಲ್ಲಿ ಹೇಳಿಕೊಂಡ. ಮೂರನೆಯ ಸಾಲಿನಲ್ಲಿ ನಿಂತ.

"ಕಾವಲು ಅಂದ್ರ?"

ಹೇಳಿದೆ. ಸಿಮೆಂಟ್ ಷೇರಿನ ದಿನ, ಆ ಶನಿವಾರ, ನಲವತ್ತು ಸಾಲು, ನಾನು ಪರೀಕ್ಷಿಸದೆ ಬಿಟ್ಟದ್ದು. ಎಲ್ಲ ಹೇಳಿದೆ. ಮುಗಿಸಿದ ಮೇಲೆ ಅವನ ಮುಖ ಒಂದು ಕ್ಷಣ ಹಗುರವಾದಂತೆ ಕಂಡಿತು. ತನ್ನ ಬಲಗೈಯನ್ನು ಎತ್ತಿ ನೋಡಿಕೊಂಡ. ಆಮೇಲೆ ಆ ಹಗುರ ಹೋಯಿತು.

"ಆಣಿ ಮಾಡಿದ್ನಲ್ಲ" ಎಂದ.

"ಹೌದು."

"ಹೇಳಿದ್ರ ನಾ ಬ್ಯಾಡ ಅಂತಿದ್ನೇನ್ಲೇ? ಹಾಕು ಅಂತಿದ್ದೆ. ನನ್ನ ಚಟ ನನಗ ಗೊತ್ತಿತ್ತು. ಹಾಕು, ನನಗೂ ಧೈರ್ಯ ಅಂತಿದ್ದೆ. ಫೋನಿನಾಗ ಮಾರಿದಾಗ ಏನ್ ಮಾಡ್ತೈತಿ ಅದು ಅಂತ ನಾನ ಕೇಳತಿದ್ದೆ."

ಅವನು ಕೇಳುತ್ತಿದ್ದ. ಅದು ನನಗೂ ಗೊತ್ತು. ಹೊಸ ಯಂತ್ರ ಯಾವುದೇ ಬರಲಿ, ಅವನು ಕೇಳುವ ಮೊದಲ ಪ್ರಶ್ನೆ ಅದು ಎಲ್ಲಿ ಕೈಕೊಡುತ್ತದೆ ಎಂಬುದು.

ಬಾಗಿಲ ಹತ್ತಿರ ನಿಂತಿದ್ದ ಅವನ ಹೆಂಡತಿ ಕೇಳಿದರು. "ಇದು ನಿಮಗ ಯಾವಾಗ ಗೊತ್ತಾತ್ರಿ?"

"ಅವತ್ತ. ಸಂಜಿಕ."

"ಎರಡು ದಿನ ಸುಮ್ನಿದ್ರೇನ್ರಿ?"

ಆಕೆ ಒಳಗೆ ಹೋದರು. ನೀರು ಕೂಡ ತರಲಿಲ್ಲ.

ಉಳಿದದ್ದು ಪೂರ್ತಿ ಅವನೇ ತೆಗೆದುಕೊಳ್ಳಬೇಕು ಎಂದೆ. ಅವನು ತಲೆ ಆಡಿಸಿದ.

"ಲಾಭ ಬಂದಾಗ ಅರ್ಧ ತಗೊಂಡೀನಿ. ಈಗ ಉಳದಿದ್ದರಾಗ ಅರ್ಧ ಕೊಡು. ಹೆಚ್ಚಿಗಿ ಬ್ಯಾಡ. ಅಷ್ಟ ಸಾಕು." ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡ. "ಇದು ನನ್ನ ಹತ್ರ ಇರಲಿ. ಮನ್ಯಾಗ ಅಣ್ಣಾರಿಗೆ ತೋರಿಸ್ಬೇಕು. ನಾನ ಕಳದೆ ಅಂತ ಹೇಳಿಬಿಟ್ಟೀನಿ."

ಮುಂದಿನ ವಾರ ಕೆಲಸ ಒಂದೊಂದಾಗಿ ಮುಚ್ಚಿದೆ. ಅವನ ಅರ್ಧವನ್ನು ಅವನ ಖಾತೆಗೆ ಕಳಿಸಿದೆ. ಬ್ರೋಕರಿಗೆ ಬರೆದು ಪ್ರೋಗ್ರಾಮಿಗೆ ಕೊಟ್ಟಿದ್ದ ಅನುಮತಿಯನ್ನು ವಾಪಸ್ ಮಾಡಿಸಿದೆ. ಬಾಡಿಗೆ ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಅಳಿಸಿ ಅದನ್ನು ಬಿಟ್ಟೆ. ಕಾವಲಿನಲ್ಲಿದ್ದ ತಪ್ಪನ್ನು ಅಳಿಸುವ ಮೊದಲು ಸರಿಪಡಿಸಿ ನೋಡಿದೆ. ಮೂರೇ ಸಾಲು ಬೇಕಾಗಿತ್ತು: ಸ್ಟಾಪ್ ಹಾಕುವ ಮುನ್ನ ಬ್ರೋಕರನ್ನು ಕೇಳು, ಷೇರು ಇಲ್ಲದಿದ್ದರೆ ಸುಮ್ಮನಿರು, ಇಬ್ಬರಿಗೂ ಸಂದೇಶ ಕಳಿಸು. ಕೊನೆಯ ಸಾಲಿಗೆ ಅವನ ಫೋನ್ ನಂಬರ್ ಬರೆಯಬೇಕಾಗಿತ್ತು. ಅಲ್ಲಿಗೆ ಬಂದಾಗ ಮುಂದುವರಿಸದೆ ಎಲ್ಲವನ್ನೂ ಅಳಿಸಿದೆ. ಕೋಣೆ ಖಾಲಿ ಮಾಡುವ ದಿನ ಅವನ ಕುರ್ಚಿಯನ್ನು ತೆಗೆದುಕೊಂಡು ಹೋಗಲು ಹೇಳಿ ಕಳಿಸಿದೆ. ಅವನು ಬರಲಿಲ್ಲ. ಗೊಬ್ಬರದ ಅಂಗಡಿಯವರಿಗೆ ಕೊಟ್ಟೆ.

ಈಗ ನಾನೊಬ್ಬನೇ, ಮನೆಯಲ್ಲಿ, ಬಹಳ ಸಣ್ಣ ಪ್ರಮಾಣದಲ್ಲಿ ವಹಿವಾಟು ಮಾಡುತ್ತೇನೆ. ಕೊಳ್ಳುವುದೂ ಮಾರುವುದೂ ಕೈಯಿಂದಲೇ. ಮಾರುವುದು ನನಗೆ ಇನ್ನೂ ಸರಿಯಾಗಿ ಬಂದಿಲ್ಲ.

ಮಳೆಗಾಲ ಶುರುವಾದ ಮೇಲೆ ಒಂದು ದಿನ ಕೂಡ್ಲಿಗಿಗೆ ಹೋಗಿದ್ದೆ. ಅವನು ಹಳೆಯ ಅಂಗಡಿಯ ಎದುರು ಸಾಲಿನಲ್ಲಿ, ಒಂದು ಶಟರಿನಷ್ಟೇ ಅಗಲದ ಜಾಗ ಹಿಡಿದು ಮತ್ತೆ ವೈಂಡಿಂಗ್ ಶುರು ಮಾಡಿದ್ದಾನೆ ಎಂದು ಕೇಳಿದ್ದೆ. ಹೋದಾಗ ಮಡಿಲಲ್ಲಿ ಮೋಟರಿನ ಕವಚ ಇಟ್ಟುಕೊಂಡು ತಾಮ್ರದ ತಂತಿಯನ್ನು ಒಂದೊಂದೇ ಎಳೆ ಸಂದಿಗೆ ಕೂರಿಸುತ್ತಿದ್ದ. ಕೈ ನಡುಗುತ್ತಿರಲಿಲ್ಲ. ಹೊಸಹಳ್ಳಿ ಕಡೆಯ ರೈತರೊಬ್ಬರು ತಮ್ಮ ಮೋಟರಿಗಾಗಿ ಕಾಯುತ್ತ ಕೂತಿದ್ದರು.

ತಲೆ ಎತ್ತಿ ನನ್ನನ್ನು ನೋಡಿದ. "ಬರ್ರಿ," ಎಂದ. "ಕುಂದರ್ರಿ. ಚಾ ತಗೋತೀರೇನು?"

ಅವನ ಬಾಯಲ್ಲಿ ನನಗೆ ಬಹುವಚನ ಬಂದದ್ದು ಅದೇ ಮೊದಲು. ಸ್ಟೂಲಿನ ಮೇಲೆ ಕೂತೆ. ಎದುರಿನ ಹೋಟೆಲಿಗೆ ಕೈ ತೋರಿಸಿ ಮೂರು ಚಹಾ ಹೇಳಿದ. ಅತ್ತೆಯವರ ಕಣ್ಣು ಹೇಗಿದೆ ಎಂದು ಕೇಳಿದ. ಚೆನ್ನಾಗಿದೆ ಎಂದೆ. ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ ಎಂದು ನಾನು ಕೇಳಿದೆ. ಆರಾಮ ಅದಾರ ಎಂದ. ತಿರುಗಿ ತಂತಿಗೆ ಕೈ ಹಾಕಿದ.

ರೈತರು ನನ್ನನ್ನೂ ಅವನನ್ನೂ ನೋಡಿ, "ಯಾರ್ರಿ ಇವ್ರು? ಬೀಗರೇನು?" ಎಂದು ಕೇಳಿದರು.

ಅವನು ತಂತಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಗಿ ಮಾಡಿಕೊಂಡ. ಬಿಟ್ಟು, "ಅಲ್ರಿ" ಎಂದ. "ಎಚ್.ಬಿ. ಹಳ್ಳಿಯವ್ರು. ಗುರುತಿನವ್ರು."

ಚಹಾ ಬಂತು. ಕುಡಿದೆ. ನಾಲ್ಕು ಗಂಟೆಯ ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಎದ್ದೆ. ಆಗಿನ್ನೂ ಮೂರೂ ಕಾಲು.